ರಕ್ತನಾಳ ತೋರಿಸುವ ಕಳೆಯುವ ಲೆಕ್ಕ

ಮಕ್ಕಳೇ, ಕಳೆಯುವ ಲೆಕ್ಕ ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ಮಾತ್ರ ಎಂದುಕೊಂಡಿದ್ದೀರಾ? ಮಿದುಳಿನ ರಕ್ತನಾಳ ಎಲ್ಲಿ ಕಟ್ಟಿಕೊಂಡಿದೆ ಎಂದು ತಿಳಿಯಲೂ ಅದು ಬೇಕು.

1895ರಲ್ಲಿ ಜರ್ಮನಿಯ ರಾಂಟ್ಜನ್ ಕ್ಷ-ಕಿರಣ, ಅಂದರೆ ಎಕ್ಸ್-ರೇ ಕಂಡುಹಿಡಿದರು. ಮೂಳೆ ಈ ಕಿರಣಗಳನ್ನು ಹೆಚ್ಚು ತಡೆಯುವುದರಿಂದ ಚಿತ್ರದಲ್ಲಿ ಎದ್ದು ಕಾಣುತ್ತದೆ. ರಕ್ತವೂ ಮಾಂಸವೂ ಹೆಚ್ಚುಕಡಿಮೆ ಒಂದೇ ಸಮನಾಗಿ ತಡೆಯುತ್ತವೆ. ಆದ್ದರಿಂದ ರಕ್ತನಾಳ ಬೇರೆಯಾಗಿ ಕಾಣದು. 1927ರಲ್ಲಿ ಪೋರ್ಚುಗಲ್ಲಿನ ವೈದ್ಯ ಎಗಾಸ್ ಮೋನಿಜ್ ಅಯೋಡಿನ್ ಇರುವ ದ್ರವವನ್ನು ರಕ್ತನಾಳಕ್ಕೆ ಸೇರಿಸಿ ಮಿದುಳಿನ ರಕ್ತನಾಳಗಳ ಚಿತ್ರ ತೆಗೆದರು. ಅಯೋಡಿನ್ ಕಿರಣಗಳನ್ನು ಚೆನ್ನಾಗಿ ತಡೆಯುತ್ತದೆ. ಇಂಥ ಚಿತ್ರವೇ ಆಂಜಿಯೋಗ್ರಾಮ್. ಆದರೂ ತಲೆಬುರುಡೆ ಅಡ್ಡ ಬರುತ್ತಿತ್ತು.

ಅದನ್ನು ಚಿತ್ರದಿಂದ ತೆಗೆಯುವುದು ಹೇಗೆ? ನಮ್ಮ ಸಕಲೇಶಪುರದ ಕಾಫಿ ತೋಟವನ್ನು ನೆನೆಯಿರಿ. ಹೂವಿನ ಮಳೆಗೆ ಮುಂಚೆ ಒಂದು ಫೋಟೊ, ಹೂವು ಅರಳಿದ ದಿನ ಅದೇ ಜಾಗದಿಂದ ಇನ್ನೊಂದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಸಿಲ್ವರ್ ಮರ, ಬೇಲಿ, ಗುಡ್ಡ ಎಲ್ಲವೂ ಹೋಗಿ ಹೂವು ಉಳಿಯುತ್ತದೆ. ಆಸ್ಪತ್ರೆಯಲ್ಲೂ ಹೀಗೆಯೇ. ದ್ರವ ಸೇರಿಸುವ ಮುನ್ನ ಒಂದು ಚಿತ್ರ, ಸೇರಿಸಿದ ಮೇಲೆ ಮತ್ತೊಂದು. ಕಂಪ್ಯೂಟರಿಗೆ ಚಿತ್ರದ ಪ್ರತಿ ಚುಕ್ಕೆಯೂ ಒಂದು ಸಂಖ್ಯೆ. ಬರೀ ಮೂಳೆ ಇರುವಲ್ಲಿ 60ರಲ್ಲಿ 60 ಕಳೆದರೆ ಸೊನ್ನೆ. ರಕ್ತನಾಳ ಇರುವಲ್ಲಿ 85ರಲ್ಲಿ 60 ಕಳೆದರೆ 25. ಆ 25 ಇರುವ ಚುಕ್ಕೆಗಳೇ ಸೇರಿ ರಕ್ತನಾಳದ ದಾರಿ ತೋರಿಸುತ್ತವೆ.

ಫೋಟೊ ತೆಗೆಯುವವರು ಒಂದು ಹೆಜ್ಜೆ ಸರಿದರೂ ಲೆಕ್ಕ ತಪ್ಪುತ್ತದೆ. ಅದಕ್ಕೇ ರೋಗಿ ಅಲುಗಾಡಬಾರದು. ಹೃದಯ ಸದಾ ಬಡಿಯುತ್ತಲೇ ಇರುವುದರಿಂದ ಅದರ ಆಂಜಿಯೋಗ್ರಾಮಿಗೆ ಈ ವಿಧಾನವನ್ನು ಸಾಮಾನ್ಯವಾಗಿ ಬಳಸುವುದಿಲ್ಲ.

ದ್ರವವನ್ನು ಹೆಚ್ಚು ಕೊಟ್ಟರೂ ಚಿತ್ರ ಸ್ಪಷ್ಟವಾಗುತ್ತದಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅದರಿಂದ ಅಪಾಯ. ಕಳೆಯುವ ಲೆಕ್ಕ ಸಣ್ಣ ವ್ಯತ್ಯಾಸವನ್ನೂ ಎತ್ತಿ ತೋರಿಸುವುದರಿಂದ ಕಡಿಮೆ ದ್ರವವೇ ಸಾಕಾಗುತ್ತದೆ. ಆದ್ದರಿಂದ ಒಳ್ಳೆಯ ಚಿತ್ರವೆಂದರೆ ಬರೀ ಅಂದದ ಚಿತ್ರವಲ್ಲ, ರೋಗಿಗೆ ಕಡಿಮೆ ತೊಂದರೆ ಕೊಟ್ಟು ನಿಜವನ್ನು ತೋರಿಸುವ ಚಿತ್ರ ಎಂಬುದು ನನ್ನ ಅಭಿಪ್ರಾಯ. ಹೊಸ ಯಂತ್ರಗಳನ್ನೂ ನಾವು ಇದೇ ಅಳತೆಯಿಂದ ಅಳೆಯಬೇಕು.

ಶಿಕ್ಷಕ ಮಿತ್ರರೇ, ಚೌಕುಳಿ ಹಾಳೆಯಲ್ಲಿ ಇಂಥ ಎರಡು ಸಂಖ್ಯಾಚಿತ್ರ ಬರೆದುಕೊಡಿ. ಮಕ್ಕಳು ಕಳೆದು, ಸೊನ್ನೆಯಲ್ಲದ ಚೌಕಗಳಿಗೆ ಕೆಂಪು ಬಣ್ಣ ತುಂಬಲಿ. ರಕ್ತನಾಳ ತಾನಾಗಿ ಮೂಡುತ್ತದೆ. ನಾಳೆ ಮನೆಯಲ್ಲಿ ಅಜ್ಜನಿಗೆ ಇಂಥ ಪರೀಕ್ಷೆ ಎಂದಾಗ, ‘ಅಲುಗಾಡದೆ ಮಲಗಿ ಅಜ್ಜಾ’ ಎಂದು ಕಾರಣ ಸಹಿತ ಹೇಳುವ ಮಗು ಆ ಮನೆಯ ಅರ್ಧ ಭಯವನ್ನು ಕಳೆದಂತೆಯೇ!