ಧರ್ಮಸಾಲೆಯ ಸಾಕ್ಷ್ಯ

ಭಿನ್ನಮತದವರು ಬೇರೆ ಬೇರೆ ಕೇರಿಗಳಲ್ಲಿ ದೂರವಾಗಿರುವುದೇ ಕ್ಷೇಮವೆಂದೂ, ವಿಜಯನಗರದ ಚರಿತ್ರೆಯೇ ಅದಕ್ಕೆ ಪ್ರಮಾಣವೆಂದೂ ಕಳೆದ ಸಂಚಿಕೆಯ ಲೇಖಕರು ಬರೆದಿರುವರು. ಇದನ್ನು ನಾನು ಸರ್ವಥಾ ಒಪ್ಪಲಾರೆನು. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು 1439ರಲ್ಲಿ ಹಂಪೆಯಲ್ಲಿ ತಾನು ಕಟ್ಟಿಸಿದ ಮಸೀದಿಯನ್ನು ಕನ್ನಡ ಶಾಸನದಲ್ಲಿ ‘ಧರ್ಮಸಾಲೆ’ಯೆಂದು ಕರೆದು, ಅದರ ಪುಣ್ಯವು ತನ್ನ ಒಡೆಯನಿಗೆ ಸಲ್ಲಲೆಂದು ಕಲ್ಲಿನಲ್ಲಿ ಕಂಡರಿಸಿದನು. ತನ್ನ ಪ್ರಾರ್ಥನಾಮಂದಿರಕ್ಕೆ ನೆರೆಯವನ ನುಡಿಯಿಂದಲೇ ಹೆಸರನ್ನು ಆಯ್ದುಕೊಳ್ಳುವ ಈ ಸೌಜನ್ಯವು ದೂರದಿಂದ ಹುಟ್ಟುವಂಥದೇ?

ಅದಕ್ಕೂ ಮೊದಲು, 1327ರ ಸುಮಾರಿಗೆ, ದೆಹಲಿಯ ಸುಲ್ತಾನನಾದ ಮಹಮ್ಮದ್ ಬಿನ್ ತುಘಲಕನ ಮೇಲೆ ದಂಗೆಯೆದ್ದು ಸೋತು ಓಡಿಬಂದ ಬಹಾವುದ್ದೀನ್ ಗುರ್ಶಾಸ್ಪನಿಗೆ ಆಶ್ರಯವಿತ್ತ ಕಂಪ್ಲಿಯ ಅರಸ ಕಂಪಿಲರಾಯನು, ಶರಣು ಬಂದವನನ್ನು ಹಿಡಿದುಕೊಡಲೊಲ್ಲದೆ ರಾಜ್ಯವನ್ನೂ ಪ್ರಾಣವನ್ನೂ ತೆತ್ತನು. ಅದರಲ್ಲಿ ರಾಜಕಾರಣವೂ ಇದ್ದಿರಬಹುದು. ಆದರೆ ಪ್ರಾಣವನ್ನೇ ಒಪ್ಪಿಸುವುದಕ್ಕೆ ಬರಿಯ ರಾಜಕಾರಣವು ಸಾಲದು.

ವಿಜಯನಗರಕ್ಕೂ ದಖ್ಖನಿನ ಸುಲ್ತಾನರಿಗೂ ನಡೆದ 1565ರ ಯುದ್ಧವನ್ನು ಉದಾಹರಿಸಿದ ಲೇಖಕರು, ವಿಜಯನಗರದ ರಾಮರಾಯನ ಪಕ್ಷದಲ್ಲಿಯೂ ಮುಸಲ್ಮಾನ ದಳಪತಿಗಳಿದ್ದರೆಂಬುದನ್ನು ಏಕೆ ಬಿಟ್ಟರೋ ತಿಳಿಯದು. ಇಂದಿನ ಸಾಕ್ಷ್ಯವೂ ಬೇಕಿದ್ದರೆ, ಆ ಲೇಖಕರು ಮುಂದಿನ ಮೊಹರಮ್ಮಿಗೆ ನಮ್ಮ ಬಳ್ಳಾರಿ ಸೀಮೆಯ ಹಳ್ಳಿಗಳಿಗೆ ಬರಲಿ. ಬೆಂಕಿ ಹಾಕುವ ಅಲಾಯಿ ಕುಣಿಯ ಬಳಿ ಸಕ್ಕರೆ ಓದಿಸಲು ನಿಂತವರ ಸಾಲಿನಲ್ಲಿ, ಹಣೆಗೆ ವಿಭೂತಿ ಧರಿಸಿದವರನ್ನೂ ಕಾಣುವರು.