ಬಾಗಿಲು ದಾಟದ ಎಚ್ಚರಿಕೆ

ತಾನು ಕಂಡ ಅಪಾಯವನ್ನು ತನ್ನಲ್ಲಿಯೇ ಅಡಗಿಸಿಟ್ಟುಕೊಳ್ಳುವವನು ತನ್ನ ವೃತ್ತಿಬಾಂಧವರೆಲ್ಲರಿಗೂ ಅಪಕಾರವನ್ನೆಸಗುತ್ತಾನೆಂಬುದು ನಮ್ಮ ದೃಢವಾದ ಅಭಿಪ್ರಾಯ. ಇದಕ್ಕೆ ವಿಮಾನ ಚಾಲಕರ ವೃತ್ತಿಯು ಉತ್ತಮ ನಿದರ್ಶನವಾಗಿದೆ. ನಮ್ಮ ಬಾಲಿಕೆಯರೂ ಈ ವೃತ್ತಿಯನ್ನು ಬಯಸಬಹುದಾದ ಕಾಲವಿದಾದುದರಿಂದ, ಈ ವಿಚಾರವನ್ನು ಪೋಷಕರ ಮತ್ತು ಹಳೆಯ ವಿದ್ಯಾರ್ಥಿನಿಯರ ಮುಂದಿಡುತ್ತಿದ್ದೇವೆ.

1974ನೆಯ ಇಸವಿ ಡಿಸೆಂಬರ್ 1ರಂದು, ಅಮೇರಿಕಾದ ವಾಷಿಂಗ್ಟನ್ ನಗರದ ಬಳಿಯ ಡಲೆಸ್ ನಿಲ್ದಾಣದಲ್ಲಿಳಿಯಬೇಕಾಗಿದ್ದ ಟಿ.ಡಬ್ಲ್ಯು.ಎ. ಸಂಸ್ಥೆಯ ವಿಮಾನವೊಂದು ವರ್ಜೀನಿಯದ ಬೆಟ್ಟಕ್ಕೆ ಬಡಿದು, ಅದರಲ್ಲಿದ್ದ 92 ಮಂದಿಯೂ ಮಡಿದರು. ನಿಲ್ದಾಣವನ್ನು ಸಮೀಪಿಸಲು ಅಪ್ಪಣೆ ದೊರೆತೊಡನೆ 1,800 ಅಡಿಗಳವರೆಗೆ ಇಳಿಯಬಹುದೆಂದು ಚಾಲಕರು ತಿಳಿದರು. ಬೆಟ್ಟಗಳಿಗೆ ತಗಲದಂತೆ ನೋಡಿಕೊಳ್ಳುವ ಹೊಣೆ ಚಾಲಕರದೇ ಎಂದು ನೆಲದ ಮೇಲಣ ನಿಯಂತ್ರಕರು ತಿಳಿದಿದ್ದರು. ಒಂದೇ ಮಾತಿಗೆ ಇಬ್ಬರು ಎರಡು ಅರ್ಥಗಳನ್ನು ಮಾಡಿದರು.

ಇದಕ್ಕಿಂತಲೂ ಶೋಚನೀಯವಾದ ಸಂಗತಿಯೊಂದುಂಟು. ಸುಮಾರು ಆರು ವಾರಗಳ ಹಿಂದೆ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಅದೇ ಸ್ಥಳದಲ್ಲಿ, ಅದೇ ಬಗೆಯ ಅಪಾರ್ಥದಿಂದ ಬೆಟ್ಟಕ್ಕೆ ಬಡಿಯುವುದರಲ್ಲಿದ್ದು ಸ್ವಲ್ಪದರಲ್ಲಿ ಪಾರಾಗಿತ್ತು. ಆ ಸಂಸ್ಥೆಯು ತನ್ನ ಚಾಲಕರನ್ನು ಎಚ್ಚರಿಸಿತು. ಆದರೆ ಆ ಎಚ್ಚರಿಕೆಯು ಅದರ ಬಾಗಿಲನ್ನು ದಾಟಿ ಇತರ ಸಂಸ್ಥೆಗಳ ಚಾಲಕರನ್ನು ಮುಟ್ಟಲಿಲ್ಲ.

ಈ ದುರಂತದ ತರುವಾಯ, ಚಾಲಕರು ತಮ್ಮ ಅನುಭವಗಳನ್ನು ಬರೆದು ತಿಳಿಸುವ ಏರ್ಪಾಡನ್ನು ಅಲ್ಲಿನ ವಿಮಾನಯಾನದ ಇಲಾಖೆಯು 1975ರಲ್ಲಿ ಆರಂಭಿಸಿತು. ದಂಡಿಸುವ ಅಧಿಕಾರಿಯ ಮುಂದೆಯೇ ತಮ್ಮ ತಪ್ಪನ್ನು ಹೇಳಿಕೊಳ್ಳಲು ಚಾಲಕರು ಅಂಜಿದರು. ಆದಕಾರಣ 1976ರಲ್ಲಿ ದಂಡನಾಧಿಕಾರವಿಲ್ಲದ ನಾಸಾ ಸಂಸ್ಥೆಗೆ ಆ ಕಾರ್ಯವನ್ನು ವಹಿಸಲಾಯಿತು. ಬರೆದವರ ಹೆಸರನ್ನು ಅಳಿಸಿ, ಪಾಠವನ್ನು ಮಾತ್ರ ಉಳಿಸಿಕೊಳ್ಳುವುದು ಅದರ ಕ್ರಮ. ಆಯ್ದ ವರದಿಗಳು 1979ರಿಂದ ಮಾಸಪತ್ರಿಕೆಯೊಂದರಲ್ಲಿ ಪ್ರಕಟವಾಗುತ್ತಿವೆ. ಬ್ರಿಟನ್ನಿನಲ್ಲಿಯೂ 1982ರಲ್ಲಿ ಇಂಥದೇ ಏರ್ಪಾಡು ಹುಟ್ಟಿತು.

ಹೀಗೆ ಕ್ಷಮೆಯನ್ನು ಕೊಟ್ಟರೆ ಅಜಾಗರೂಕತೆಯು ಹೆಚ್ಚದೇ ಎಂದು ಕೆಲವರು ಆಕ್ಷೇಪಿಸಬಹುದು. ಬೇಕೆಂದೇ ಮಾಡಿದ ಅಪರಾಧಕ್ಕೆ ಅಲ್ಲಿ ರಕ್ಷಣೆಯಿಲ್ಲ. ಅರಿಯದೆ ನಡೆದುದನ್ನು ಹತ್ತು ದಿನಗಳೊಳಗಾಗಿ ತಿಳಿಸಿದವರಿಗೆ ಮಾತ್ರ ದಂಡನೆಯಿಂದ ವಿನಾಯಿತಿಯುಂಟು. ಭಯದಿಂದ ಮುಚ್ಚಿಟ್ಟ ತಪ್ಪು ಮತ್ತೊಬ್ಬರ ಪ್ರಾಣವನ್ನು ಕಳೆಯಬಹುದಾದುದರಿಂದ, ಈ ವಿನಾಯಿತಿಯು ನ್ಯಾಯವೆಂದೇ ನಾವೆಣಿಸುತ್ತೇವೆ.

ಹೇಳುವವರಿದ್ದರೆ ಸಾಲದು, ಕೇಳುವ ಕಿವಿಯೂ ಬೇಕು. ನಮ್ಮ ಮಂಗಳೂರಿನ ಬಜ್ಪೆಯಲ್ಲಿ 2010ನೆಯ ಇಸವಿ ಮೇ 22ರಂದು 158 ಮಂದಿ ಮಡಿದ ಅಪಘಾತದಲ್ಲಿ, ಇಳಿಯದೆ ಮತ್ತೆ ಮೇಲೇರೋಣವೆಂದು ಸಹಚಾಲಕನು ಮುಖ್ಯ ಚಾಲಕನಿಗೆ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದನೆಂದು ವಿಚಾರಣೆಯಿಂದ ತಿಳಿದುಬಂದಿತು. ಪಕ್ಕದಲ್ಲಿಯೇ ನುಡಿದ ಆ ಮಾತು ನಿಷ್ಫಲವಾಯಿತು.

ಕಿರಿಯರ ಮಾತನ್ನು ಆಲಿಸುವ, ಸತ್ಯವನ್ನು ಹೇಳಿದವರನ್ನು ಗದರಿಸದಿರುವ ಅಭ್ಯಾಸವು ವಿಮಾನದಲ್ಲಿ ಕುಳಿತ ಮೇಲೆ ಕಲಿಯತಕ್ಕದ್ದಲ್ಲ. ಅದು ಮನೆಯಲ್ಲಿಯೂ ಶಾಲೆಯಲ್ಲಿಯೂ ಮೊದಲೇ ಬೇರೂರಬೇಕು. ತಮ್ಮ ಮಕ್ಕಳು ನಿರ್ಭಯವಾಗಿ ನಿಜವನ್ನು ನುಡಿಯುವಂತೆ ಅವಕಾಶ ಕೊಡಬೇಕೆಂದು ಪೋಷಕರನ್ನು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.