ಕೈಯಲ್ಲಿ ಆಭಾ ಸಂಖ್ಯೆ, ಚೀಲದಲ್ಲಿ ಹಳೆಯ ಚೀಟಿ

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ರೋಗಿಯ ದಾರಿ ಒಂದೇ ರಾಜ್ಯದೊಳಗೆ ಮುಗಿಯುವುದಿಲ್ಲ. ಬೀದರ್ ಅಥವಾ ಕಲಬುರಗಿಯಲ್ಲಿ ಗುಣವಾಗದಿದ್ದರೆ ರಾಷ್ಟ್ರೀಯ ಹೆದ್ದಾರಿ 65ರ ಒಂದು ದಿಕ್ಕಿಗೆ ಸೊಲ್ಲಾಪುರ, ಮತ್ತೊಂದು ದಿಕ್ಕಿಗೆ ಹೈದರಾಬಾದ್. ಎಕ್ಸ್‌ರೇ, ರಕ್ತಪರೀಕ್ಷೆಯ ವರದಿ, ಔಷಧ ಚೀಟಿಗಳು ಪ್ಲಾಸ್ಟಿಕ್ ಚೀಲದಲ್ಲಿ ಜೊತೆಗೇ ಸಾಗುತ್ತವೆ. ವರದಿ ಕಳೆದರೆ ಪರೀಕ್ಷೆಯೂ ಮತ್ತೊಮ್ಮೆ, ಖರ್ಚೂ ಮತ್ತೊಮ್ಮೆ.

2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಚಾಲನೆ ಪಡೆದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇಂಥವರಿಗಾಗಿಯೇ ರೂಪುಗೊಂಡಂತಿದೆ. ಆದರೆ ಅದು ನೀಡುವ 14 ಅಂಕಿಗಳ 'ಆಭಾ' ಸಂಖ್ಯೆಯೇ ದಾಖಲೆಯಲ್ಲ. ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ಕಾರ್ಡ್ ಕೂಡ ಅದಲ್ಲ. ಹೆಸರುಗಳ ಸಾಮ್ಯವೇ ಗೊಂದಲಕ್ಕೆ ಸಾಕು. ದಾಖಲೆ ಆಸ್ಪತ್ರೆಯಲ್ಲಿಯೇ ಉಳಿಯುತ್ತದೆ. ಆಸ್ಪತ್ರೆ ಅದನ್ನು ಸಂಖ್ಯೆಗೆ ಜೋಡಿಸಿದರೆ ಮಾತ್ರ ರೋಗಿಗೆ ಮೊಬೈಲಿನಲ್ಲಿ ಕಾಣುತ್ತದೆ. ಜೋಡಿಸದಿದ್ದರೆ ಖಾತೆ ಖಾಲಿ.

ಯಾವ ವೈದ್ಯರಿಗೆ, ಯಾವ ದಾಖಲೆಯನ್ನು, ಎಷ್ಟು ಕಾಲ ತೋರಿಸಬೇಕೆಂಬ ಒಪ್ಪಿಗೆ ರೋಗಿಯದೇ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಕಾಗದದ ಮೇಲೆ ಇದು ದೊಡ್ಡ ಅಧಿಕಾರ. ಆದರೆ ಮನೆಗೊಂದೇ ಮೊಬೈಲ್ ಇದ್ದು, ಅದು ಪುಣೆಗೋ ಹೈದರಾಬಾದಿಗೋ ದುಡಿಯಲು ಹೋದ ಮಗನ ಕಿಸೆಯಲ್ಲಿದ್ದರೆ ಒಟಿಪಿ ಹೋಗುವುದೂ ಅಲ್ಲಿಗೇ. ಗರ್ಭಕೋಶದ ತೊಂದರೆಯನ್ನು ಮನೆಯಲ್ಲೇ ಹೇಳಿಕೊಳ್ಳಲು ಅಂಜುವ ಹೆಣ್ಣುಮಗಳ ಒಪ್ಪಿಗೆ ಆಗ ಯಾರ ಒಪ್ಪಿಗೆ?

ಇನ್ನು ಓದುವ ಪ್ರಶ್ನೆ. 2011ರ ಜನಗಣತಿಯಂತೆ ಬೀದರ್ ಜಿಲ್ಲೆಯ ಸಾಕ್ಷರತೆ ಶೇ. 70.51, ರಾಜ್ಯದ ಸರಾಸರಿ ಶೇ. 75.36. ಅಕ್ಷರ ಬಲ್ಲವರಿಗೂ ಇಂಗ್ಲಿಷಿನ ವರದಿ ದಕ್ಕುವುದಿಲ್ಲ. 'ಕ್ರಿಯಾಟಿನಿನ್ 2.1' ಎಂಬ ಸಾಲು ಮೂತ್ರಪಿಂಡದ ಎಚ್ಚರಿಕೆಯೆಂದು ತಿಳಿಯದಿದ್ದರೆ, ಅದು ಚೀಟಿಯಲ್ಲಿದ್ದರೇನು, ಮೊಬೈಲಿನಲ್ಲಿದ್ದರೇನು? ಶರಣರು 12ನೆಯ ಶತಮಾನದಲ್ಲಿ ಗಹನ ತತ್ತ್ವವನ್ನೂ ಜನರ ಕನ್ನಡದಲ್ಲಿ ನುಡಿದ ನೆಲವಿದು ಎಂಬುದನ್ನು ನೆನೆದರೆ ಸಂಕೋಚವಾಗಬೇಕು.

ಹಕ್ಕಿನ ಅರಿವೂ ಅಷ್ಟಕ್ಕಷ್ಟೆ. ರೋಗಿ ಕೇಳಿದರೆ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆ ಒದಗಿಸಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೇ ಹೇಳಿತ್ತು. ಕೇಳಬಹುದೆಂದು ರೋಗಿಗೆ ಹೇಳುವವರು ವಿರಳ.

ನೋಂದಣಿ ಶಿಬಿರಗಳಿಗೆ ತೋರುವ ಉತ್ಸಾಹದಲ್ಲಿ ಒಂದು ಪಾಲನ್ನು ಇತ್ತ ಹರಿಸಬಹುದು. ಆಸ್ಪತ್ರೆಯಿಂದ ಬಿಡುಗಡೆಯಾಗುವ ರೋಗಿಗೆ ಕನ್ನಡ, ಮರಾಠಿ ಅಥವಾ ಉರ್ದುವಿನಲ್ಲಿ ಒಂದು ಪುಟ: ಇರುವ ರೋಗ, ನುಂಗಬೇಕಾದ ಮಾತ್ರೆ, ಮತ್ತೆ ಬರಬೇಕಾದ ದಿನ. ಓದಲಾಗದವರಿಗೆ ಆಶಾ ಕಾರ್ಯಕರ್ತೆ ಅದನ್ನೇ ಓದಿ ಹೇಳಬಲ್ಲರು. ಇದಕ್ಕೆ ಒಟಿಪಿ ಬೇಕಿಲ್ಲ.